ಚಿತ್ರ ಸಂಖ್ಯೆ ಹದಿನೇಳರ ಗಂಡ ರೈಲಿನಿಂದ ಇಳಿದ ವಿಚಾರ

ಯಾವುದೇ ದೇಶದ, ಯಾವುದೇ ಕಾಲದ, ಎಷ್ಟೇ ಉದ್ದದ ಚಲನಚಿತ್ರವಾಗಿರಲಿ, ಅದರ ಗುಣದೋಷ ತಿಳಿಯಲು ಒಂಬತ್ತು ನಿಮಿಷ ಸಾಕು ಎಂಬುದು ಹೈದರಾಬಾದಿನ ಬಾಲಾನಗರ ಕನ್ನಡ ವಿಶ್ವಚಿತ್ರ ರಸಗ್ರಹಣ ಮಂಡಳಿಯ ಉಪನಿಯಮಗಳಲ್ಲಿ ದಾಖಲಾಗಿರುವ ಸಂಗತಿ. ಇದನ್ನು ಸರ್ವಸದಸ್ಯರ ಸಭೆ ಕೈಯೆತ್ತಿ ಒಪ್ಪಿದೆ. ಕೆಲವರು ಕೈಯೆತ್ತಲಿಲ್ಲ, ನಿಜ. ಆದರೆ ಆ ಹೊತ್ತಿನಲ್ಲಿ ಅವರ ಕೈಯಲ್ಲಿ ಮಿರ್ಚಿ ಭಜಿ ಇತ್ತೇ ಹೊರತು ತಲೆಯಲ್ಲಿ ಬೇರೆ ಅಭಿಪ್ರಾಯವೇನೂ ಇರಲಿಲ್ಲ.

ಮೊದಲು ಹೀಗಿರಲಿಲ್ಲ. ಮಂಡಳಿ ಹುಟ್ಟಿದ ವರ್ಷ ಚಿತ್ರಗಳನ್ನು ಪೂರ್ತಿ ನೋಡುವ ಪದ್ಧತಿ ಜಾರಿಯಲ್ಲಿತ್ತು. ಇದರಿಂದ ರಸಗ್ರಹಣಕ್ಕೆ ಬಹಳ ಅಡಚಣೆಯಾಯಿತು. ಪ್ರಾರ್ಥನೆ, ದೀಪ ಬೆಳಗುವುದು, ಸ್ವಾಗತ, ಶಾಲು ಹೊದಿಸುವುದು, ಅಧ್ಯಕ್ಷರ ಭಾಷಣ, ವಂದನಾರ್ಪಣೆ ಇವುಗಳ ನಡುವೆ ಚಿತ್ರವೊಂದು ಎರಡು ತಾಸು ಕಾಲು ಚಾಚಿ ಕುಳಿತರೆ ಸಭೆ ನಡೆಸುವುದಾದರೂ ಹೇಗೆ? ಆಗ ಕಾರ್ಯದರ್ಶಿಯಾಗಿ ಬಂದವರು ನರಹರಿ. ಅವರು ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ತಪಾಸಣೆಯಲ್ಲಿದ್ದು ನಿವೃತ್ತರಾದವರು. ಅಲ್ಲಿ ಪೆಟ್ಟಿಗೆಗಟ್ಟಲೆ ತಿರುಪು ಮೊಳೆ ಬಂದರೆ ಒಂದೊಂದನ್ನೇ ತಿರುಗಿಸುತ್ತ ಕೂರುತ್ತಿರಲಿಲ್ಲ. ಮೇಲಿನಿಂದ ನಾಲ್ಕು ತೆಗೆದು ಅಳೆದು, ಸರಿಯಿದ್ದರೆ ಇಡೀ ಪೆಟ್ಟಿಗೆ ಪಾಸು. ನರಹರಿ ಇದೇ ಪದ್ಧತಿಯನ್ನು ವಿಶ್ವಚಿತ್ರಗಳಿಗೆ ಅನ್ವಯಿಸಿದರು. ಹತ್ತು ಚಿತ್ರಗಳದ್ದು ಒಂದು ಪೆಟ್ಟಿಗೆ. ಅದರಲ್ಲೊಂದು ಚಿತ್ರದ ಎಲ್ಲಿಂದಾದರೂ ಒಂಬತ್ತು ನಿಮಿಷ ನೋಡುವುದು. ಅದು ಪಾಸಾದರೆ ಉಳಿದ ಒಂಬತ್ತೂ ಪಾಸು.

ಪರಿಣಾಮ ತಕ್ಷಣ ಕಂಡಿತು. ವಿದೇಶೀ ಹೆಸರುಗಳಿಗೆ ನಾಲಿಗೆ ತಿರುಗದ ಕಾರಣ ಚಿತ್ರಗಳನ್ನು ಸಂಖ್ಯೆಯಿಂದಲೇ ಕರೆಯತಕ್ಕದ್ದು ಎಂದಾಯಿತು. ಹಳೆಯ ಶ್ರೇಷ್ಠ ಚಿತ್ರಗಳಿಗೂ ಈಚಿನ ಚಿತ್ರಗಳಿಗೂ ಒಂದೇ ನ್ಯಾಯ. ಈಚಿನದೊಂದರಲ್ಲಿ ತಪಾಸಣೆಗೆ ಸಿಕ್ಕ ಒಂಬತ್ತು ನಿಮಿಷಗಳಲ್ಲಿ ಬರೀ ಹೆಸರುಗಳು ಕೆಳಗಿನಿಂದ ಮೇಲಕ್ಕೆ ಹೋಗುತ್ತಿದ್ದವು. ಅದಕ್ಕೆ ‘ಗಾಢ’ ಎಂಬ ಮೊಹರು ಬಿತ್ತು. ಪಾತ್ರವರ್ಗ ವಿಶಾಲವಾಗಿದೆ ಎಂದು ಷರಾ ಬರೆಯಲಾಯಿತು.

ಇಷ್ಟೊಂದು ಅವಸರಕ್ಕೆ ಕಾರಣವೂ ಇತ್ತು. ವರ್ಷದಲ್ಲಿ ಅತಿ ಹೆಚ್ಚು ಚಿತ್ರಗಳ ರಸಗ್ರಹಣ ಮಾಡಿದ ಸಂಘದಿಂದ ಇಬ್ಬರನ್ನು ವಿದೇಶದ ಚಿತ್ರೋತ್ಸವಕ್ಕೆ ಕಳಿಸುವುದಾಗಿ ದಖ್ಖನ್ ರಸಿಕ ಸಂಘಗಳ ಒಕ್ಕೂಟ ಪ್ರಕಟಿಸಿತ್ತು. ಆ ಇಬ್ಬರು ಯಾರೆಂದು ಪ್ರಕಟಿಸಿರಲಿಲ್ಲ. ಆದರೂ ಅಧ್ಯಕ್ಷ ರವಿಶಂಕರ್ ಸುಲ್ತಾನ್ ಬಜಾರಿಗೆ ಹೋಗಿ ಉಣ್ಣೆಯ ಕೋಟು ತಂದಿಟ್ಟಿದ್ದರು. ಹೈದರಾಬಾದಿನ ಏಪ್ರಿಲ್ ತಿಂಗಳಲ್ಲಿ ಒಮ್ಮೆ ಅದನ್ನು ತೊಟ್ಟು ಸಭೆಗೂ ಬಂದಿದ್ದರು.

ತುಳಸಾಬಾಯಿಗೆ ಇವುಗಳಲ್ಲಿ ಯಾವುದರ ಮೇಲೂ ತಕರಾರಿರಲಿಲ್ಲ. ಬೇಗಂ ಬಜಾರಿನಲ್ಲಿ ಅವರದ್ದು ಒಣಮೆಣಸಿನಕಾಯಿಯ ಸಗಟು ಅಂಗಡಿ. ಊರು ಬೀದರಿನ ಕಡೆ. ವಾರವೆಲ್ಲ ಗಿರಾಕಿಗಳ ಜೊತೆ ತೆಲುಗು, ಹಿಂದಿ ಆಡಿ ಆಡಿ ಬಾಯಿ ಒಣಗಿದವರಿಗೆ ಭಾನುವಾರ ಗಟ್ಟಿಯಾಗಿ ಕನ್ನಡ ಮಾತಾಡಲು ಒಂದು ಜಾಗ ಬೇಕಿತ್ತು. ಅದಕ್ಕೇ ಸದಸ್ಯೆಯಾಗಿದ್ದರು. ಲೇತ್ ಅಂಗಡಿಯೊಂದರ ಮಾಳಿಗೆಯಲ್ಲಿದ್ದ ಮಂಡಳಿಯ ಹಾಲಿನಲ್ಲಿ ಎರಡನೇ ಸಾಲಿನಲ್ಲಿ ಕುಳಿತು, ಒಂಬತ್ತು ನಿಮಿಷ ಕಣ್ಣು ಮುಚ್ಚಿ, ಲೈಟು ಬಂದ ಮೇಲೆ ಮಾತಿಗಿಳಿಯುತ್ತಿದ್ದರು.

ಚಿತ್ರ ಸಂಖ್ಯೆ ಹದಿನೇಳರ ದಿನ ಮಾತ್ರ ಕಣ್ಣು ಮುಚ್ಚಲಿಲ್ಲ.

ಅದು ಹಳೆಯ ಕಪ್ಪುಬಿಳುಪು ಕಿರುಚಿತ್ರ. ಯಾವುದೋ ಹಿಮ ಬೀಳುವ ದೇಶ. ಒಬ್ಬಳು ಹೆಂಗಸು ಒಲೆಯ ಮೇಲೆ ಪಾತ್ರೆ ಇಟ್ಟು, ಮುಚ್ಚಳ ಮುಚ್ಚಿ, ಮೇಜಿನ ಮೇಲೆ ಎರಡು ತಟ್ಟೆ ಹಾಕಿದಳು. ಗೋಡೆಯಲ್ಲಿದ್ದ, ಗಂಡನ ಮುಖ ಗುರುತು ಸಿಗದಷ್ಟು ಮಾಸಿದ ಮದುವೆಯ ಫೋಟೋ ನೋಡಿ ತಲೆ ಬಾಚಿಕೊಂಡಳು. ಶಾಲು ಹೊದ್ದು ಹಿಮದಲ್ಲಿ ನಡೆದು ಸ್ಟೇಷನ್ನಿಗೆ ಹೋದಳು. ಬಹಳ ಹೊತ್ತು ನಿಂತಳು. ಮಾತೇ ಇರಲಿಲ್ಲವಾದ್ದರಿಂದ ತುಳಸಾಬಾಯಿಗೆ ಎಲ್ಲವೂ ತಿಳಿಯಿತು. ಕೊನೆಗೆ ಹೊಗೆಯುಗುಳುತ್ತ ರೈಲು ಬಂತು, ನಿಂತಿತು, ಬಾಗಿಲುಗಳು ತೆರೆದವು. ಆಗ ನರಹರಿ ಚಮಚದಿಂದ ಸ್ಟೀಲ್ ಲೋಟಕ್ಕೆ ಬಡಿದರು. ಒಂಬತ್ತು ನಿಮಿಷ ಆಗಿತ್ತು.

ಲೈಟು ಹತ್ತಿತು. ರವಿಶಂಕರ್ ಎದ್ದು, ಈ ಚಿತ್ರದಲ್ಲಿ ಮೌನವೇ ಒಂದು ಪಾತ್ರ ಎಂದರು. ಹಿಂದಿನ ವಾರ ಯುದ್ಧದ ಚಿತ್ರದಲ್ಲಿ ಬಾಂಬು ಸಿಡಿಯುತ್ತಿದ್ದಾಗಲೂ ಅವರು ಇದನ್ನೇ ಹೇಳಿದ್ದರಿಂದ ಎಲ್ಲರಿಗೂ ಅರ್ಥವಾಯಿತು. ರೈಲಿನ ಹೊಗೆ ಮನುಷ್ಯನ ಅಸ್ತಿತ್ವದ ಹೊಗೆಯೆಂದೂ ಅವರು ವಿವರಿಸುತ್ತಿದ್ದಾಗ ತುಳಸಾಬಾಯಿ ಕೈಯೆತ್ತಿದರು.

“ಅಲ್ರೀ ಅಧ್ಯಕ್ಷರ, ಆ ಮನಷ್ಯಾ ಗಾಡಿಯಿಂದ ಇಳದನೇನು?”

“ಯಾವ ಮನುಷ್ಯ?”

“ಅಕಿ ಗಂಡರೀ. ಅಷ್ಟೊತ್ತು ನಿಂತಾಳಲ್ಲ ಅಕಿ, ಥಂಡ್ಯಾಗ! ಒಲಿ ಬ್ಯಾರೆ ಆರಿಸದ ಬಂದಾಳ.”

ರವಿಶಂಕರ್ ನರಹರಿಯವರ ಮುಖ ನೋಡಿದರು. ನರಹರಿ ಎದ್ದು ನಿಂತು, ಇಳಿಯುವುದು ತಪಾಸಣೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಸಭೆಗೆ ತಿಳಿಸಿದರು. ಹದಿನೇಳು ಪಾಸಾಯಿತು. ಅದರ ಜೊತೆ ಇನ್ನೂ ಒಂಬತ್ತು ಪಾಸಾದವು.

ತುಳಸಾಬಾಯಿ ಮನೆಗೆ ಬಂದರೂ ಆ ಹೆಂಗಸು ಸ್ಟೇಷನ್ನಿನಲ್ಲೇ ನಿಂತಿದ್ದಳು. ಮಾರನೆಯ ದಿನ ಅಂಗಡಿಯಲ್ಲಿ ಒಬ್ಬ ಗಿರಾಕಿಗೆ ತೂಕದಲ್ಲಿ ಹೆಚ್ಚು ಕೊಟ್ಟುಬಿಟ್ಟರು. ಬೇಗಂ ಬಜಾರಿನಲ್ಲಿ ಅವರ ಬಗ್ಗೆ ಇಂಥ ಮಾತು ಯಾರೂ ಕೇಳಿರಲಿಲ್ಲ. ಸುದ್ದಿ ತಿಳಿದ ಪಕ್ಕದ ಅಂಗಡಿಯವರು ಆರೋಗ್ಯ ವಿಚಾರಿಸಲು ಬಂದರು.

ಆರೋಗ್ಯ ಸರಿಯಾಗೇ ಇತ್ತು. ಅವರ ಗಂಡ ಅಮರಯ್ಯ ಮಾಲು ಖರೀದಿಗೆಂದು ಗುಂಟೂರಿಗೆ ಹೋಗಿ ಬಂದು ಮಾಡುತ್ತಿದ್ದವರು. ಬರುವ ದಿನ ತುಳಸಾಬಾಯಿ ಹಿಟ್ಟು ನಾದಿಟ್ಟು, ಒಲೆ ಹಚ್ಚಿಟ್ಟು, ಮೆಟ್ಟಿಲಲ್ಲಿ ಚಪ್ಪಲಿಯ ಸದ್ದು ಕೇಳಿದ ಮೇಲೆಯೇ ರೊಟ್ಟಿ ಬಡಿಯುತ್ತಿದ್ದರು. ಆರು ವರ್ಷದ ಹಿಂದೆ ಅಮರಯ್ಯ ಗುಂಟೂರಿನ ಮೆಣಸಿನಕಾಯಿ ಯಾರ್ಡಿನಲ್ಲಿ ಎದೆ ಹಿಡಿದು ಕುಳಿತವರು ಮತ್ತೆ ಏಳಲಿಲ್ಲ. ತಮ್ಮದಂತೂ ಹೀಗಾಯಿತು, ಆ ಹಿಮದ ನಾಡಿನವಳ ಗಂಡನಾದರೂ ಇಳಿಯಲಿ ಎಂದು ತುಳಸಾಬಾಯಿಗೆ ತುಂಬಾ ಆಸೆಯಾಗಿತ್ತು. ಇದನ್ನು ಯಾರ ಹತ್ತಿರವೂ ಹೇಳಲಿಲ್ಲ. ಒಲೆಯ ಚಿಂತೆ ಎಂದಷ್ಟೇ ಹೇಳಿದರು.

ಸೊಸೆ ಪ್ರಾಜಕ್ತಾ ಐಟಿ ಕಂಪನಿಯಲ್ಲಿ ಕೆಲಸ ಮಾಡುವವಳು. “ಅತ್ತಿ, ಅಷ್ಟಕ್ಕ್ಯಾಕ ತಲಿ ಕೆಡಿಸ್ಕೋತೀರಿ? ಫೋನಿನ್ಯಾಗ ನೋಡಿ ಹೇಳ್ತೀನಿ” ಎಂದು ಹಿಮ, ಒಲೆ, ರೈಲು ಎಂದೆಲ್ಲ ಬರೆದು ಹುಡುಕಿದಳು. ಚಿತ್ರ ಸಿಗಲಿಲ್ಲ, ಅದರ ಮೇಲೆ ದೇಶವಿದೇಶದವರು ಬರೆದ ವಿಮರ್ಶೆಗಳು ರಾಶಿ ಸಿಕ್ಕವು. ಒಬ್ಬರು ಅಂತ್ಯ ಎದೆ ಹಿಂಡುತ್ತದೆ ಎಂದಿದ್ದರು. ಇನ್ನೊಬ್ಬರು ಅಂತ್ಯವನ್ನು ಹೇಳಿದರೆ ಓದುಗರಿಗೆ ಅನ್ಯಾಯವಾಗುತ್ತದೆ ಎಂದಿದ್ದರು. ಎಲ್ಲ ವಿಮರ್ಶೆಗಳೂ ರೈಲಿನ ಬಾಗಿಲ ತನಕ ಬಂದು ನಿಂತುಬಿಡುತ್ತಿದ್ದವು.

“ಇವರೂ ಒಂಬತ್ತು ನಿಮಿಷದವರೇ ಅದಾರ” ಎಂದು ತುಳಸಾಬಾಯಿ ತೀರ್ಮಾನಿಸಿದರು.

ಹೀಗಾಗಿ ಮುಂದಿನ ಭಾನುವಾರ ಅವರು ನೇರವಾಗಿ ಕಾರ್ಯದರ್ಶಿಯ ಮೇಜಿಗೆ ಹೋದರು. ನರಹರಿ ಆಗ ಒಂದು ಡಿಸ್ಕಿನ ಡಬ್ಬಿಗೆ ಅರಗಿನ ಮುದ್ರೆ ಒತ್ತುತ್ತಿದ್ದರು. ಪಾಸಾದ ಚಿತ್ರಗಳನ್ನು ಹೀಗೆ ಮುದ್ರೆ ಹಾಕಿ ಕಬ್ಬಿಣದ ಕಪಾಟಿನಲ್ಲಿಡುವುದು ಕ್ರಮ.

“ಹದಿನೇಳನೇದು ಒಂದ್ ಸಲ ಪೂರ್ತಿ ತೋರಸ್ರೀ” ಎಂದರು ತುಳಸಾಬಾಯಿ.

“ಪಾಸಾದ ಮಾಲನ್ನ ಮತ್ತೆ ತೆಗೆಯೋಕೆ ಬರೋದಿಲ್ಲಮ್ಮ” ಎಂದರು ನರಹರಿ. “ತೆಗೆದರೆ ನಮ್ಮ ತಪಾಸಣೆ ಮೇಲೆ ನಮಗೇ ಅನುಮಾನ ಇದೆ ಅಂತ ಆಗುತ್ತೆ. ಒಕ್ಕೂಟದವರು ಏನಂದ್ಕೊಳ್ತಾರೆ?”

“ಕಸ ಇರೂದು ಚೀಲದ ತಳದಾಗರೀ, ಸಾಹೇಬ್ರ. ನಾನು ಮಾಲು ತಗೋಳೂಮುಂದ ಮೊಣಕೈತನ ಕೈ ಹಾಕಿ ತಳದ್ದು ತಗದು ನೋಡ್ತೀನಿ. ಮ್ಯಾಲಿಂದು ನೋಡಿ ರೊಕ್ಕಾ ಕೊಟ್ರ ಮನಿ ಹಾಳಾಗ್ತದ.”

ನರಹರಿ ಮುದ್ರೆಯನ್ನು ಕೆಳಗಿಟ್ಟರು. “ತಗೊಳ್ಳೋವಾಗ ಸರಿ. ಮಾರೋವಾಗ ಗಿರಾಕಿಗೆ ಎಲ್ಲಿಂದು ತೋರಿಸ್ತೀರಿ?”

ಮಾರುವಾಗ ತುಳಸಾಬಾಯಿ ಮೇಲಿನ ಒಂದು ಹಿಡಿಯನ್ನೇ ತೋರಿಸುತ್ತಿದ್ದರು. ಆ ಹಿಡಿಯನ್ನು ಬೆಳಿಗ್ಗೆ ತಾವೇ ಆರಿಸಿ ಮೇಲಿಟ್ಟಿರುತ್ತಿದ್ದರು. ಈ ಮನುಷ್ಯ ಎಂದೋ ಒಮ್ಮೆ ಅಂಗಡಿಗೆ ಬಂದು ಅರ್ಧ ಕಿಲೋ ಮೆಣಸಿನಕಾಯಿ ಒಯ್ದದ್ದು ನೆನಪಾಗಿ ಅವರಿಗೆ ಮುಜುಗರವಾಯಿತು.

ಆದರೆ ಬಿಡುವ ಪೈಕಿ ಅಲ್ಲ. ಆ ದಿನದಿಂದ ಪ್ರತಿ ಸಭೆಯಲ್ಲೂ, ಯಾವ ಚಿತ್ರದ ಚರ್ಚೆಯಾದರೂ, ಅವರು ಎದ್ದು “ಇಳದನೇನ್ರಿ?” ಎಂದು ಕೇಳತೊಡಗಿದರು. ಇದು ಸಾಂಕ್ರಾಮಿಕವಾಯಿತು. ಹೆಂಗಸರು ಮೊದಲು ಕೇಳಿದರು, ನಂತರ ಗಂಡಸರು. ಕೆಳಗಿನ ಲೇತ್ ಅಂಗಡಿಯವರೂ ಮೆಟ್ಟಿಲು ಹತ್ತಿ ಬಂದು ಅವನು ಇಳಿದನೇ ಎಂದು ವಿಚಾರಿಸಿದರು. ರಸಗ್ರಹಣದ ವೇಗ ತಗ್ಗಿತು. ಬೇರೊಂದು ಸಂಘ ಮುಂದೆ ಹೋಗುತ್ತಿದೆಯೆಂದು ಸುದ್ದಿ ಬಂದು ರವಿಶಂಕರ್ ಅವರಿಗೆ ಕೋಟಿನ ಚಿಂತೆ ಹತ್ತಿತು. ಕೊನೆಗೆ ಮಂಡಳಿ ಈ ಕೆಳಗಿನ ಪ್ರಕಟಣೆ ಹೊರಡಿಸಿತು:

“ಚಿತ್ರ ಸಂಖ್ಯೆ ಹದಿನೇಳರಲ್ಲಿನ ಗಂಡನು ರೈಲಿನಿಂದ ಇಳಿದನೋ ಇಲ್ಲವೋ ಎಂಬ ವಿಷಯವನ್ನು ಬಹುಮತದಿಂದ ಇತ್ಯರ್ಥಪಡಿಸಲು ವಿಶೇಷ ಸಭೆ ಕರೆಯಲಾಗಿದೆ. ಸದರಿ ಚಿತ್ರವನ್ನು ಪೂರ್ತಿ ನೋಡಿರುವ ಯಾರಾದರೂ ಇದ್ದಲ್ಲಿ, ಪೂರ್ವಗ್ರಹದ ಕಾರಣ ಅವರಿಗೆ ಮತದಾನದ ಹಕ್ಕು ಇರುವುದಿಲ್ಲ.”

ಸಭೆಗೆ ಎಂದೂ ಬಾರದಷ್ಟು ಜನ ಬಂದರು. ಚರ್ಚೆ ಉನ್ನತ ಮಟ್ಟದಲ್ಲಿ ನಡೆಯಿತು. ತರುಣ ಎಂಬ ಕರಾವಳಿಯ ಹುಡುಗ, ಮಾಧಾಪುರದಲ್ಲಿ ಕೆಲಸ ಮಾಡುವವನು, ಇಳಿದನೋ ಇಲ್ಲವೋ ಎಂಬುದನ್ನು ಪ್ರೇಕ್ಷಕರ ಕಲ್ಪನೆಗೆ ಬಿಡುವುದೇ ಆಧುನಿಕ ಎಂದ.

“ಥಂಡ್ಯಾಗ ನಿಂತಾಕಿ ಕಲ್ಪನಾ ಮಾಡ್ಕೋತ ನಿಂದರಬೇಕೇನೋ ತಮ್ಮಾ?” ಎಂದು ತುಳಸಾಬಾಯಿ ಕೇಳಿದರು. ತರುಣ ಸಲಹೆಯನ್ನು ಹಿಂದಕ್ಕೆ ಪಡೆದ.

ಇಳಿದವನ ಕೈಯಲ್ಲಿ ಸೂಟ್‌ಕೇಸ್ ಇರಬೇಕೆಂದು ಒಬ್ಬರು, ಬರಿಗೈಯಲ್ಲಿ ಬಂದರೂ ಪರವಾಗಿಲ್ಲ ಆದರೆ ಮೀಸೆ ಇರಬೇಕೆಂದು ಇನ್ನೊಬ್ಬರು ಪಟ್ಟು ಹಿಡಿದರು. ಸೂಟ್‌ಕೇಸೂ ಮೀಸೆಯೂ ಎರಡೂ ಮಂಜೂರಾದವು. ಅವನು ಇಳಿದಿದ್ದಾನೆ ಎಂಬ ಠರಾವು ಸರ್ವಾನುಮತದಿಂದ ಪಾಸಾಗಿ, ಅದರ ಪ್ರತಿಯನ್ನು ತುಳಸಾಬಾಯಿಗೆ ಶಾಲು ಹೊದಿಸಿ ಅರ್ಪಿಸಲಾಯಿತು. ಅವರೂ ಕೈಯೆತ್ತಿದ್ದರು. ಆ ರಾತ್ರಿ ಚೆನ್ನಾಗಿ ಊಟವೂ ಸೇರಿತು. ಆದರೂ ಮುಂಜಾನೆ ಎದ್ದಾಗ, ಮೀಸೆ ಇದೆಯೆಂದು ಇವರಿಗೆ ಹೇಗೆ ಗೊತ್ತಾಯಿತು ಎಂಬ ಅನುಮಾನ ಅವರನ್ನು ಕೊರೆಯತೊಡಗಿತು.

ವರ್ಷದ ಕೊನೆಗೆ ಒಕ್ಕೂಟದಿಂದ ಪರಿವೀಕ್ಷಕಿ ಬಂದರು. ಸಂಯುಕ್ತಾ ಎಂದು ಹೆಸರು. ನಗು ಬಳಸಿ ಅಭ್ಯಾಸವಿಲ್ಲದ ಮುಖ. ಸಂಘಗಳು ಕಳಿಸಿದ ವರದಿ ನಿಜವೇ ಎಂದು ನೋಡುವುದು ಅವರ ಕೆಲಸ. ಒಕ್ಕೂಟದ ನಿಯಮ ಸ್ಪಷ್ಟವಾಗಿತ್ತು. ಚಿತ್ರದ ಯಾವ ಭಾಗವನ್ನು ಸಂಘ ನೋಡಿದೆಯೋ ಅದನ್ನು ಸಂಘವೇ ನೋಡಿರುವುದರಿಂದ ಮತ್ತೆ ನೋಡುವ ಅಗತ್ಯವಿಲ್ಲ. ನೋಡದ ಭಾಗವನ್ನು ಮಾತ್ರ ಪರಿವೀಕ್ಷಕರು ನೋಡತಕ್ಕದ್ದು. ಅವರು ವರದಿಗಳನ್ನು ತಿರುವಿ, ಠರಾವಿನ ಬಲವಿರುವ ಚಿತ್ರ ಇದೊಂದೇ ಎಂದು ಹದಿನೇಳನ್ನು ಆರಿಸಿದರು.

ನರಹರಿ ತಾವೇ ಒತ್ತಿದ ಅರಗಿನ ಮುದ್ರೆಯನ್ನು ತಾವೇ ಒಡೆದರು. ಅವರಿಗೆ ಅಳುಕೇನೂ ಇರಲಿಲ್ಲ. “ಸರ್ವಾನುಮತ ಇದೆ, ಮೇಡಂ” ಎಂದರು.

ತುಳಸಾಬಾಯಿ ಆ ದಿನ ಮೊದಲನೇ ಸಾಲಿನಲ್ಲಿದ್ದರು. ಕೈಯಲ್ಲಿ ಸೆರಗು ಹಿಡಿದಿದ್ದರು. ರೈಲಿನ ಬಾಗಿಲುಗಳು ತೆರೆದೇ ಇದ್ದವು. ಒಬ್ಬ ದಪ್ಪ ಹೆಂಗಸು ಇಳಿದಳು. ಕೋಳಿ ಹಿಡಿದ ಮುದುಕ ಇಳಿದ. ಸೂಟ್‌ಕೇಸೂ ಮೀಸೆಯೂ ಇದ್ದ ಒಬ್ಬ ಇಳಿದಾಗ ಹಾಲಿನಲ್ಲಿ ಚಪ್ಪಾಳೆಯಾಯಿತು. ಅವನು ಬೇರೆ ಯಾರದೋ ಕೈ ಹಿಡಿದು ಹೊರಟುಹೋದ. ಆಮೇಲೆ ಯಾರೂ ಇಳಿಯಲಿಲ್ಲ. ರೈಲು ಹೋಯಿತು. ಆಕೆ ಸ್ವಲ್ಪ ಹೊತ್ತು ಹಳಿಗಳನ್ನು ನೋಡಿ ಮನೆಗೆ ನಡೆದಳು. ಮನೆಯ ತುಂಬ ಹೊಗೆ. ಪಾತ್ರೆ ತಳ ಹಿಡಿದಿತ್ತು. ಒಲೆ ಆರಿಸಿ, ಮೇಲಿನ ಸುಡದ ಅನ್ನವನ್ನು ತನ್ನ ತಟ್ಟೆಗೆ ಹಾಕಿಕೊಂಡಳು. ಇನ್ನೊಂದು ಖಾಲಿ ತಟ್ಟೆಯ ಮೇಲೆ ಧೂಳು ಬೀಳದಂತೆ ಬಟ್ಟೆ ಮುಚ್ಚಿದಳು. ಹೆಸರುಗಳು ಬಂದವು.

ತುಳಸಾಬಾಯಿಗೆ ಅಳು ಬಂತು, ಅತ್ತರು.

ಲೈಟು ಹತ್ತಿದ ಮೇಲೆ ಸಂಯುಕ್ತಾ ಕೇಳಿದರು: “ಠರಾವಿನ ಪ್ರಕಾರ ಅವನು ಇಳಿದಿದ್ದಾನೆ. ಚಿತ್ರದ ಪ್ರಕಾರ ಇಳಿದಿಲ್ಲ. ತಪ್ಪು ಯಾರದು?”

“ಚಿತ್ರದ್ದೇ, ಮೇಡಂ” ಎಂದರು ನರಹರಿ.

“ಠರಾವು ಇಡೀ ಮಂಡಳಿಯದು. ಚಿತ್ರ ಯಾರೋ ಒಬ್ಬ ನಿರ್ದೇಶಕನದು” ಎಂದು ರವಿಶಂಕರ್ ಸೇರಿಸಿದರು. ಕೋಟು ತೊಟ್ಟಿದ್ದರಿಂದ ಅವರ ಹಣೆಯಿಂದ ಬೆವರು ಇಳಿಯುತ್ತಿತ್ತು.

ಸಂಯುಕ್ತಾ ನಿಯಮಾವಳಿ ತೆರೆದರು. ಠರಾವಿಗೂ ಚಿತ್ರಕ್ಕೂ ವಿರೋಧ ಬಂದಲ್ಲಿ ಮೊದಲು ಪ್ರಶ್ನೆ ಎತ್ತಿದ ಸದಸ್ಯರ ಹೇಳಿಕೆಯೇ ಅಂತಿಮ ಎಂದು ಅಲ್ಲಿತ್ತು. ಹೇಳಿಕೆ ಪ್ರತಿಕೂಲವಾದರೆ ಸಂಘದ ಇಡೀ ವರ್ಷದ ರಸಗ್ರಹಣ ರದ್ದು. ಎಲ್ಲರೂ ತುಳಸಾಬಾಯಿಯ ಕಡೆ ತಿರುಗಿದರು.

“ಹೇಳಿ ಅಮ್ಮ, ಬಂದನೋ, ಬರಲಿಲ್ಲವೋ?” ಎಂದು ಸಂಯುಕ್ತಾ ಕೇಳಿದರು.

ತುಳಸಾಬಾಯಿ ಎದ್ದು ನಿಂತರು. ಇಂಥದೊಂದು ದಿನಕ್ಕಾಗಿಯೇ ಅವರು ಹಲ್ಲು ಕಚ್ಚಿ ಕಾದಿದ್ದರು. ಒಂದೇ ಮಾತು ಸಾಕಿತ್ತು. ನರಹರಿಯ ಲೋಟ, ಚಮಚ, ಅಧ್ಯಕ್ಷರ ಕೋಟು ಎಲ್ಲ ಮೂಲೆ ಸೇರುತ್ತಿದ್ದವು. ಬಾಯಿಯನ್ನೂ ತೆರೆದರು. ಆದರೆ ‘ಬರಲಿಲ್ಲ’ ಎಂಬ ಮಾತನ್ನು ಅವರು ಆರು ವರ್ಷದ ಹಿಂದೆ ಫೋನು ಹಿಡಿದು ಬೀದರಿನ ಒಬ್ಬೊಬ್ಬ ಬಂಧುವಿಗೂ ಹೇಳಿ ಮುಗಿಸಿದ್ದರು. ಇನ್ನೊಬ್ಬಳ ಗಂಡನ ಪಾಲಿಗೆ ಅದನ್ನು ಮತ್ತೆ ಹೇಳಲು ಅವರಿಂದ ಆಗಲಿಲ್ಲ.

“ಬಂದಾನ್ರಿ” ಎಂದರು.

“ಚಿತ್ರದಲ್ಲಿ ಬಂದಿಲ್ವಲ್ಲಮ್ಮ?”

“ಚಿತ್ರ ಮುಗದ ಮ್ಯಾಲ ಬಂದಾನ. ಮುಂದಿನ ಗಾಡಿಗಿ. ಅಲ್ಲೀತನಕಾ ಯಾರು ಕುಂತು ನೋಡ್ಯಾರ?”

ಸಂಯುಕ್ತಾ ಪೆನ್ನನ್ನು ತುಟಿಗೆ ಒತ್ತಿಕೊಂಡು ಯೋಚಿಸಿದರು. ಚಿತ್ರ ಮುಗಿದ ನಂತರದ ಭಾಗವನ್ನು ಮಂಡಳಿಯೂ ನೋಡಿಲ್ಲ, ಒಕ್ಕೂಟವೂ ನೋಡಿಲ್ಲ, ಸ್ವತಃ ನಿರ್ದೇಶಕನೂ ನೋಡಿದಂತೆ ಕಾಣುವುದಿಲ್ಲ. ಆದ್ದರಿಂದ ಠರಾವಿಗೂ ಚಿತ್ರಕ್ಕೂ ವಿರೋಧವಿಲ್ಲ ಎಂದು ಬರೆದು ಸಹಿ ಹಾಕಿದರು. ನರಹರಿಯವರ ಕಣ್ಣು ಒದ್ದೆಯಾಗಿತ್ತು. ಅವರು ತುಳಸಾಬಾಯಿಯ ಹತ್ತಿರ ಬಂದು, “ಹಾಗಾದ್ರೆ ಇಡೀ ಚಿತ್ರವೇ ಬರೀ ಮೇಲಿನ ಒಂದು ಹಿಡಿ, ಅಲ್ವಮ್ಮ?” ಎಂದರು.

“ಹೌದ್ರಿ, ಸಾಹೇಬ್ರ” ಎಂದು ತುಳಸಾಬಾಯಿ ಮೂಗು ಒರೆಸಿಕೊಂಡರು.

ಮಂಡಳಿ ಗೆದ್ದಿತು. ರವಿಶಂಕರ್ ಮತ್ತು ನರಹರಿ ವಿದೇಶಕ್ಕೆ ಹೋಗಿ, ಚಿತ್ರೋತ್ಸವದ ಒಂಬತ್ತು ನಿಮಿಷಗಳಲ್ಲಿ ಭಾಗವಹಿಸಿ, ಉಳಿದ ಅವಧಿಯನ್ನು ಅಂಗಡಿ ಬೀದಿಗಳಲ್ಲಿ ಕಳೆದು, ಉತ್ಸವ ಗಾಢವಾಗಿತ್ತೆಂದು ವರದಿ ಸಲ್ಲಿಸಿದರು. ವರದಿಯನ್ನು ಸರ್ವಾನುಮತದಿಂದ ಒಪ್ಪಲಾಯಿತು.

ಉಪನಿಯಮಗಳಿಗೂ ಒಂದು ಸೇರ್ಪಡೆಯಾಗಿದೆ. ಈಗ ಲೋಟಕ್ಕೆ ಚಮಚ ಬಡಿದ ಮೇಲೆ ತಕ್ಷಣ ಲೈಟು ಹಾಕುವುದಿಲ್ಲ. ಮುಂದಿನ ಗಾಡಿಯ ಅವಧಿ ಎಂದು ಬಿಳಿಯ ಪರದೆಯನ್ನು ಹಾಗೆಯೇ ಬೆಳಗಿಸಿಟ್ಟು, ಬರಬೇಕಾದವರು ಬರಲಿ ಎಂದು ಸದಸ್ಯರೆಲ್ಲ ಸುಮ್ಮನೆ ಕುಳಿತಿರುತ್ತಾರೆ. ಆ ಹೊತ್ತಿನಲ್ಲಿ ಭಜಿ ಹಂಚುವುದು ನಿಷಿದ್ಧ. ಕೆಳಗಿನ ಲೇತ್ ಅಂಗಡಿಯವರೂ ಬಂದು ಹಿಂದೆ ನಿಲ್ಲುತ್ತಾರೆ. ತುಳಸಾಬಾಯಿಯ ಪಕ್ಕದ ಕುರ್ಚಿಯನ್ನು ಖಾಲಿ ಬಿಡತಕ್ಕದ್ದೆಂದು ಪ್ರತ್ಯೇಕ ಠರಾವಾಗಿದೆ. ಅದಕ್ಕೊಂದು ಸದಸ್ಯತ್ವ ಸಂಖ್ಯೆಯೂ ಇದೆ. ಹಾಜರಿ ಕೂಗುವಾಗ ನರಹರಿ ಆ ಸಂಖ್ಯೆಯನ್ನೂ ಕೂಗುತ್ತಾರೆ. “ದಾರ್ಯಾಗ ಅದಾರ್ರಿ” ಎಂದು ತುಳಸಾಬಾಯಿ ಹೇಳುತ್ತಾರೆ, ನರಹರಿ ಹಾಗೆಯೇ ಬರೆದುಕೊಳ್ಳುತ್ತಾರೆ.